ಗಾಳಿ-ಮಳೆಗೆ ಮಲೆನಾಡಿನಲ್ಲಿ ಆಸರೆ: ನೆಲದಡಿಯ ಕೋಣೆಯೋ, ಮನೆಯೊಳಗಿನ ಗಟ್ಟಿ ಕೋಣೆಯೋ?

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆ ಕಟ್ಟಿಸುವವರ ನಕ್ಷೆ ಮಾಡಿಕೊಡುವುದು ನನ್ನ ಕೆಲಸ. ಈಚಿನ ವರ್ಷಗಳಲ್ಲಿ ನಕ್ಷೆ ಮುಗಿಯುವ ಹೊತ್ತಿಗೆ ಮನೆಯವರು ಸ್ವಲ್ಪ ತಡೆದು ಒಂದು ಮಾತು ಕೇಳುತ್ತಾರೆ. "ನೆಲದೊಳಗೆ ಒಂದು ಕೋಣೆ ಮಾಡ್ಸಿರೆ ಹೆಂಗೆ? ಗಾಳಿ ಮಳೆ ಜೋರಾದಾಗ ಮಕ್ಕಳನ್ನ ಕರ್ಕಂಡು ಕೂತ್ಕಳಕ್ಕೆ." ಹೆಚ್ಚಿನವರ ಮಗನೋ ಅಳಿಯನೋ ಅಮೆರಿಕದಲ್ಲಿರುತ್ತಾರೆ. ಅಲ್ಲಿ ಗ್ಯಾರೇಜಿನ ನೆಲದಲ್ಲಿರುವ ಉಕ್ಕಿನ ಬಾಗಿಲು ಸರಿಸಿ ಕೆಳಗಿಳಿಯುವ ವಿಡಿಯೊ ಮೊಬೈಲಿಗೆ ಬಂದಿರುತ್ತದೆ.

ಹೆದರಿಕೆ ಸುಳ್ಳಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದವು. ಮರುವರ್ಷ ಅದೇ ತಿಂಗಳು ತುಂಗೆ ಶಿವಮೊಗ್ಗದ ಬಡಾವಣೆಗಳಿಗೆ ನುಗ್ಗಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರು, ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ. ಇಷ್ಟನ್ನು ನೋಡಿದ ಮೇಲೆ ಮನೆ ಕಟ್ಟುವವರು ಅಡಗುವ ಜಾಗದ ಬಗ್ಗೆ ಯೋಚಿಸದಿದ್ದರೇ ಆಶ್ಚರ್ಯ. ಹಾಗಾಗಿ ನನ್ನ ಬಳಿ ಬಂದವರಿಗೆ ಹೇಳುವುದನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ. ನಾಲ್ಕು ದಾರಿಗಳಿವೆ: ಪೂರ್ತಿ ನೆಲದಡಿಯ ಕೋಣೆ, ದಿಬ್ಬಕ್ಕೆ ಅರ್ಧ ಹೂತ ಕೋಣೆ, ಮನೆಯೊಳಗೇ ಒಂದು ಗಟ್ಟಿ ಕೋಣೆ, ಮನೆ ಬಿಟ್ಟು ಬೇರೆ ಕಡೆ ಹೋಗುವುದು. ನಾಲ್ಕೂ ಎಲ್ಲರಿಗೂ ಹೊಂದುವುದಿಲ್ಲ. ಯಾವುದು ಹೊಂದುತ್ತದೆ ಎಂಬುದನ್ನು ನಿಮ್ಮ ಜೇಬಿಗಿಂತ ಮೊದಲು ನಿಮ್ಮ ಜಾಗ ಹೇಳುತ್ತದೆ.

ಹಗೇವು ಮತ್ತು ಕಣಜ

ಬಯಲುಸೀಮೆಯವರು ಜೋಳ ಕೂಡಿಡಲು ನೆಲದಲ್ಲಿ ಹಗೇವು ತೋಡುತ್ತಿದ್ದರು. ಒಳಗೆ ಕಾಳು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ನಮ್ಮ ಮಲೆನಾಡಿನ ಹಿರಿಯರು ಭತ್ತಕ್ಕೆ ಹಗೇವು ತೋಡಲಿಲ್ಲ. ಮನೆಯೊಳಗೆ ನೆಲದಿಂದ ಎತ್ತರಿಸಿ ಕಣಜ ಕಟ್ಟಿದರು, ಅಡಿಕೆಯನ್ನು ಅಟ್ಟಕ್ಕೆ ಏರಿಸಿದರು. ಎರಡು ಸೀಮೆಯವರ ಬುದ್ಧಿಯಲ್ಲಿ ವ್ಯತ್ಯಾಸವಿರಲಿಲ್ಲ, ನೆಲದಲ್ಲಿತ್ತು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಅಂಥ ನೆಲದಲ್ಲಿ ಗುಂಡಿ ತೋಡಿದರೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು.

ಅಮೆರಿಕದ ನಡುನಾಡಿನ ಅಪಾಯ ಬೇರೆಯೇ. ಅಲ್ಲಿಯ ಸುಂಟರಗಾಳಿ ಒಂದು ಮನೆಯ ಮೇಲೆ ಹಾದು ಹೋಗಲು ಕೆಲವು ನಿಮಿಷ ಸಾಕು. ಅಷ್ಟರಲ್ಲೇ ಮಾಡು, ಗೋಡೆ ಎಲ್ಲವೂ ಹಾರಿಹೋಗಬಹುದು. 1970ರ ಮೇ ತಿಂಗಳಲ್ಲಿ ಟೆಕ್ಸಾಸಿನ ಲಬಕ್ ನಗರಕ್ಕೆ ಅಂಥ ಗಾಳಿ ಬಡಿದ ಮೇಲೆ ಅಲ್ಲಿಯ ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯ ಈ ವಿಷಯವನ್ನು ಗಂಭೀರವಾಗಿ ಅಧ್ಯಯನ ಮಾಡತೊಡಗಿತು. ಇವತ್ತು ಅಲ್ಲಿನ ಕೇಂದ್ರ ವಿಪತ್ತು ಸಂಸ್ಥೆ ಫೀಮಾ ಹೇಳುವ ಸುರಕ್ಷಿತ ಕೋಣೆ ಗಂಟೆಗೆ ಸುಮಾರು 400 ಕಿಲೋಮೀಟರ್ ಗಾಳಿ ತಡೆಯಬೇಕು. ಅದರ ಗೋಡೆಗೆ ಏಳು ಕೆಜಿಯಷ್ಟು ತೂಕದ ಮರದ ರೀಪನ್ನು ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಹೊಡೆದು ಪರೀಕ್ಷಿಸುತ್ತಾರೆ.

ನಮ್ಮ ಕಟ್ಟಡಗಳ ಗಾಳಿಯ ಲೆಕ್ಕಕ್ಕೆ ಆಧಾರ ಭಾರತೀಯ ಮಾನಕ ಐಎಸ್ 875ರ ಮೂರನೆಯ ಭಾಗ. ಅದರಲ್ಲಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಎಂದಿದೆ. ಗಂಟೆಗೆ ಸುಮಾರು 120 ಮತ್ತು 140 ಕಿಲೋಮೀಟರ್ ಎಂದಾಯಿತು. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಮಂಗಳೂರಿನ ಅಂಕಿಯನ್ನೇ ಹಿಡಿದರೂ, ಅವರ ಕೋಣೆ ತಡೆಯಬೇಕಾದ ಒತ್ತಡ ನಮ್ಮದರ ಎಂಟು ಪಟ್ಟು. ನಮ್ಮಲ್ಲಿ ಜೀವ ತೆಗೆಯುವುದು ಆ ಮಟ್ಟದ ಗಾಳಿಯಲ್ಲ. ಗಾಳಿಗೆ ಉರುಳುವ ಮರ, ಸಿಡಿಲು, ನೀರು, ಜಾರುವ ಮಣ್ಣು, ಇವು.

ಬಿರುಗಾಳಿಯ ಜೊತೆ ನೀರೂ ಬರುವ ಊರುಗಳಲ್ಲಿ ಆಸರೆಯ ಕಟ್ಟಡ ಮೇಲಕ್ಕೆ ಹೋಗಿದೆ. 1999ರ ಅಕ್ಟೋಬರಿನ ಮಹಾ ಚಂಡಮಾರುತದ ನಂತರ ಒಡಿಶಾ ತನ್ನ ಕರಾವಳಿಯುದ್ದಕ್ಕೂ ಕಟ್ಟಿಸಿದ ಆಶ್ರಯಗಳು ಕಂಬಗಳ ಮೇಲೆ ನಿಂತಿವೆ, ಕೆಳಗೆ ನೀರು ಹರಿದುಹೋಗಲು ಬಯಲು ಬಿಟ್ಟಿದ್ದಾರೆ. ಅಷ್ಟೇಕೆ, ನೆಲದಡಿಯ ಕೋಣೆಗಳ ತವರಾದ ಅಮೆರಿಕದ ಒಕ್ಲಹೋಮಾದಲ್ಲೇ 2015ರ ಮೇ 6ರ ರಾತ್ರಿ ಸುಂಟರಗಾಳಿಯ ಜೊತೆ ಭಾರಿ ಮಳೆ ಸುರಿದಾಗ, ಗಾಳಿಗೆ ಹೆದರಿ ತನ್ನ ನೆಲದಡಿಯ ಆಸರೆಗೆ ಇಳಿದಿದ್ದ ಮಹಿಳೆಯೊಬ್ಬರು ಒಳಗೆ ತುಂಬಿದ ನೀರಿನಲ್ಲಿ ಮುಳುಗಿ ಸತ್ತರು. ನೆಲದಡಿ ಕೋಣೆ ಕೇಳುವ ಪ್ರತಿಯೊಬ್ಬರಿಗೂ ನಾನು ಮೊದಲು ಈ ಘಟನೆ ಹೇಳುತ್ತೇನೆ.

ಪೂರ್ತಿ ನೆಲದಡಿಯ ಕೋಣೆ

ಹೊಸನಗರದ ಕಡೆಯ ಒಬ್ಬರು ನನ್ನನ್ನು ಕರೆಸುವ ಹೊತ್ತಿಗೆ ಅಂಗಳದಲ್ಲಿ ಎಂಟಡಿ ಆಳದ ಗುಂಡಿ ತೆಗೆಸಿಯಾಗಿತ್ತು. ಏಪ್ರಿಲ್ ತಿಂಗಳು. ಗುಂಡಿಯ ತಳ ಒಣಗಿ ಬಿರಿದಿತ್ತು. "ನೋಡಿ, ಒಂದು ಹನಿ ಇಲ್ಲ" ಎಂದರು. ಈ ವರ್ಷ ಏನೂ ಕಟ್ಟಬೇಡಿ, ಸುತ್ತ ಬೇಲಿ ಹಾಕಿ ಒಂದು ಮಳೆಗಾಲ ಹಾಗೇ ಬಿಡಿ ಎಂದೆ. ಬೇಸರವಾದರೂ ಒಪ್ಪಿಕೊಂಡರು. ಜುಲೈನಲ್ಲಿ ಹೋದಾಗ ಗುಂಡಿಯಲ್ಲಿ ಐದಡಿ ನೀರು. ಮೇಲಿಂದ ಬಿದ್ದ ನೀರಲ್ಲ ಅದು. ಮೋಟರ್ ಇಟ್ಟು ಖಾಲಿ ಮಾಡಿದರೂ ಮರುದಿನ ಬೆಳಿಗ್ಗೆ ಅಷ್ಟೇ ಎತ್ತರಕ್ಕೆ ನಿಲ್ಲುತ್ತಿತ್ತು. ಗೋಡೆಯಲ್ಲಿ ಎರಡು ಕಡೆ ಒರತೆ ಕಣ್ಣು ಬಿಟ್ಟಿತ್ತು.

ಹಾಗಾಗಿ ನೆಲದಡಿ ಎನ್ನುವವರು ಇಂಜಿನಿಯರನ್ನು ಕರೆಸುವ ಮೊದಲು ಬಾವಿಗೆ ಹಗ್ಗ ಬಿಡಬೇಕು. ಪುಷ್ಯ, ಆಶ್ಲೇಷ ಮಳೆಯ ಹೊತ್ತಿನಲ್ಲಿ, ಅಂದರೆ ಜುಲೈ ಕೊನೆಯಿಂದ ಆಗಸ್ಟ್ ನಡುವಿನವರೆಗೆ, ಬಾವಿಯ ನೀರು ನೆಲದಿಂದ ಎಷ್ಟು ಕೆಳಗಿದೆ ಎಂದು ವಾರಕ್ಕೊಮ್ಮೆ ಅಳೆದು ಗೋಡೆಯ ಮೇಲೆ ಬರೆದಿಡಿ. ನೀರು ಹತ್ತು-ಹನ್ನೆರಡು ಅಡಿಗಿಂತ ಮೇಲೆ ಬರುತ್ತದೆ ಎಂದಾದರೆ ನೆಲದಡಿಯ ಯೋಚನೆ ಅಲ್ಲಿಗೇ ಕೈಬಿಡಿ. ತಗ್ಗಿನ ಅಡಿಕೆ ತೋಟದ ಮಗ್ಗುಲಿನ ಮನೆಗಳಿಗಂತೂ ಅಳೆಯುವ ಅಗತ್ಯವೂ ಇಲ್ಲ.

ನೀರು ಒಳಗೆ ಬರುವುದೊಂದೇ ತೊಂದರೆಯಲ್ಲ. ಒಳಗೆ ಬರದಂತೆ ಗಟ್ಟಿಯಾಗಿ ಮುಚ್ಚಿದರೆ ಇನ್ನೊಂದು ತೊಂದರೆ ಶುರುವಾಗುತ್ತದೆ. ಖಾಲಿ ಪ್ಲಾಸ್ಟಿಕ್ ಟ್ಯಾಂಕ್ ಹೂಳಿದವರು ಮಳೆಗಾಲದಲ್ಲಿ ಅದು ನೆಲ ಸೀಳಿಕೊಂಡು ಮೇಲೆದ್ದದ್ದನ್ನು ನೋಡಿರಬಹುದು. ಕಾಂಕ್ರೀಟ್ ಕೋಣೆಯೂ ಅಷ್ಟೇ, ನೀರು ತುಂಬಿದ ಮಣ್ಣಿನಲ್ಲಿ ಅದು ದೋಣಿ. ಲೆಕ್ಕ ಹಾಕಿ ನೋಡೋಣ. ಹೊರ ಅಳತೆ 3 ಮೀಟರ್ ಉದ್ದ, 2.5 ಮೀಟರ್ ಅಗಲ, 2.2 ಮೀಟರ್ ಎತ್ತರದ ಪೆಟ್ಟಿಗೆ 16.5 ಘನ ಮೀಟರ್ ಜಾಗ ಹಿಡಿಯುತ್ತದೆ. ಸುತ್ತ ನೀರು ತಾರಸಿಯವರೆಗೆ ಬಂದರೆ ಅದನ್ನು ಮೇಲಕ್ಕೆ ತಳ್ಳುವ ಬಲ 16.5 ಟನ್. ಗೋಡೆ, ನೆಲ, ತಾರಸಿ ಎಲ್ಲ 15 ಸೆಂಟಿಮೀಟರ್ ದಪ್ಪವಿದ್ದರೆ ಪೆಟ್ಟಿಗೆಯ ತೂಕ 13 ಟನ್ ಮಾತ್ರ, ಅಂದರೆ ತೇಲುತ್ತದೆ. 20 ಸೆಂಟಿಮೀಟರಿಗೆ ಏರಿಸಿದರೆ 16.7 ಟನ್. ಕೂದಲೆಳೆಯಷ್ಟೇ ಅಂತರ. ಕನಿಷ್ಠ ಐದನೇ ಒಂದು ಪಾಲು ಹೆಚ್ಚು ತೂಕವಾದರೂ ಇರಬೇಕು, ಎಂದರೆ ಸುಮಾರು 20 ಟನ್. ಅದಕ್ಕಾಗಿ ತಳದ ಸ್ಲ್ಯಾಬನ್ನು ಗೋಡೆಯಿಂದ ಆಚೆಗೆ ಚಾಚಿಸಿ ಅದರ ಮೇಲೆ ಮಣ್ಣು ಕೂರುವಂತೆ ಮಾಡುತ್ತೇವೆ. "ಒಂಬತ್ತಿಂಚು ಇಟ್ಟಿಗೆ ಗೋಡೆ ಸಾಕಲ್ಲ" ಎನ್ನುವ ಮೇಸ್ತ್ರಿಗೆ ಈ ಲೆಕ್ಕ ತೋರಿಸಿ. ಇಟ್ಟಿಗೆ ಗೋಡೆ ಪಕ್ಕದ ಒತ್ತಡವನ್ನೂ ತಾಳುವುದಿಲ್ಲ. ಎರಡು ಮೀಟರ್ ಆಳದಲ್ಲಿ ನೀರೊಂದೇ ಚದರ ಮೀಟರಿಗೆ ಎರಡು ಟನ್ ಒತ್ತುತ್ತದೆ, ಮಣ್ಣಿನ ಒತ್ತಡ ಬೇರೆ.

ಹಳೆಯ ಹಡಗಿನ ಕಂಟೇನರ್ ತಂದು ಹೂಳುವ ಸಲಹೆಯನ್ನೂ ಕೇಳಿದ್ದೇನೆ. ದಯವಿಟ್ಟು ಬೇಡ. ಕಂಟೇನರ್ ಒಂದರ ಮೇಲೊಂದು ನಿಲ್ಲುವುದು ನಾಲ್ಕು ಮೂಲೆಯ ಕಂಬಗಳ ಬಲದಿಂದ. ಅದರ ಪಕ್ಕದ ತಗಡು ಮಣ್ಣಿನ ಒತ್ತಡಕ್ಕೆಂದು ಮಾಡಿದ್ದಲ್ಲ, ಒಳಕ್ಕೆ ಬಾಗುತ್ತದೆ.

ಬಾಗಿಲಿನ ವಿಷಯ ಇನ್ನೂ ಸೂಕ್ಷ್ಮ. ಮೆಟ್ಟಿಲು ಇಳಿದು ಹೋಗುವ ಕೋಣೆಯ ಬಾಗಿಲ ಮುಂದೆ ಬರೀ ಅರ್ಧ ಮೀಟರ್ ನೀರು ನಿಂತರೆ, ಮೂರಡಿ ಅಗಲದ ಆ ಬಾಗಿಲ ಮೇಲೆ ಬೀಳುವ ಭಾರ ಸುಮಾರು 110 ಕೆಜಿ. ಒಂದು ಮೀಟರ್ ನಿಂತರೆ 450 ಕೆಜಿ. ಹೊರಕ್ಕೆ ತೆರೆಯುವ ಬಾಗಿಲಾದರೆ ಒಳಗಿರುವ ಅಜ್ಜಿ, ಮಕ್ಕಳು ಅದನ್ನು ತಳ್ಳಿ ಹೊರಬರಲಾರರು. ಒಳಕ್ಕೆ ತೆರೆಯುವ ಬಾಗಿಲಾದರೆ ಚಿಲಕ ತೆಗೆದ ಕೂಡಲೇ ನೀರೆಲ್ಲ ಒಳಗೆ. ಇದಕ್ಕೆ ಒಂದೇ ಉತ್ತರ, ಎರಡನೇ ದಾರಿ. ತಾರಸಿಯಲ್ಲಿ ಎರಡಡಿ ಚೌಕದ ಕಿಂಡಿ, ಅದಕ್ಕೆ ಗೋಡೆಗೆ ಕೂರಿಸಿದ ಏಣಿ, ಕಿಂಡಿಯ ಕಟ್ಟೆ ನೆಲಕ್ಕಿಂತ ಒಂದೂವರೆ ಅಡಿ ಎತ್ತರ.

ನೀರು ಹೊರಹಾಕಲು ಮೋಟರ್ ನಂಬುವ ಹಾಗಿಲ್ಲ, ಗಾಳಿ ಶುರುವಾದರೆ ಮೊದಲು ಹೋಗುವುದೇ ಕರೆಂಟ್. ಹೀಗಾಗಿ ನೀರು ತಾನಾಗಿ ಹರಿದುಹೋಗಬೇಕು. ಕೋಣೆಯ ನೆಲಕ್ಕಿಂತ ಕೆಳಗೆ ಸುತ್ತಲೂ ಜಲ್ಲಿ ತುಂಬಿ, ತೂತಿನ ಪಿವಿಸಿ ಪೈಪ್ ಮಲಗಿಸಿ, ನೂರಡಿಗೆ ಒಂದಡಿ ಇಳಿಜಾರಿನಲ್ಲಿ ಅದನ್ನು ತಗ್ಗಿನ ಕಡೆ ಬಯಲಿಗೆ ಬಿಡಬೇಕು. ನಿಮ್ಮ ಜಾಗದಲ್ಲಿ ಅಂಥ ತಗ್ಗು ಇಲ್ಲವೆಂದರೆ, ಎಂದರೆ ಪೈಪಿನ ಬಾಯಿ ಬೆಳಕು ಕಾಣುವ ಜಾಗವೇ ಇಲ್ಲವೆಂದರೆ, ಈ ದಾರಿ ನಿಮ್ಮದಲ್ಲ.

ಗಾಳಿಯಾಡುವುದನ್ನು ಜನ ಮರೆಯುತ್ತಾರೆ. ಸುಮ್ಮನೆ ಕೂತ ದೊಡ್ಡವರೊಬ್ಬರ ಉಸಿರಿನಿಂದ ಗಂಟೆಗೆ ಸುಮಾರು 20 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಹತ್ತು ಘನ ಮೀಟರಿನ ಮುಚ್ಚಿದ ಕೋಣೆಯಲ್ಲಿ ಆರು ಜನ ಇದ್ದರೆ ಅದು ಗಂಟೆಗೆ ಶೇ. 1ಕ್ಕಿಂತ ಹೆಚ್ಚು ಏರುತ್ತಾ ಹೋಗುತ್ತದೆ. ಮೂರನೇ ಗಂಟೆಯ ಹೊತ್ತಿಗೆ ತಲೆನೋವು, ಏದುಸಿರು. ಹಳೇ ಬಾವಿಗೆ ಇಳಿದವರು ಮೇಲೆ ಬಾರದ ಸುದ್ದಿ ನಮ್ಮೂರುಗಳಲ್ಲಿ ಹೊಸದಲ್ಲ. ಹೀಗಾಗಿ ಎರಡು ಪೈಪ್ ಬೇಕೇ ಬೇಕು, ನಾಲ್ಕಿಂಚಿಗೆ ಕಡಿಮೆಯಿಲ್ಲದ್ದು. ಒಂದರ ಬಾಯಿ ನೆಲದ ಹತ್ತಿರ, ಇನ್ನೊಂದರದು ತಾರಸಿಯ ಅಡಿ. ಮೇಲಿನ ತುದಿ ಬಾಗಿಸಿ ಬಲೆ ಕಟ್ಟಿ. ಬಲೆ ಕೇವಲ ಸೊಳ್ಳೆಗಲ್ಲ. ಮಳೆಗಾಲದಲ್ಲಿ ಒಣ ಜಾಗ ಹುಡುಕುವ ಹಾವಿಗೆ ವರ್ಷದ ಹನ್ನೊಂದು ತಿಂಗಳು ಯಾರೂ ತೆರೆಯದ ನೆಲದಡಿಯ ಕೋಣೆಗಿಂತ ಒಳ್ಳೆಯ ಮನೆ ಸಿಗದು. ಕತ್ತಲಲ್ಲಿ, ಗಾಬರಿಯಲ್ಲಿ ಅಲ್ಲಿಗೆ ಕಾಲಿಡುವವರು ನಿಮ್ಮ ಮಕ್ಕಳು. ಒಳಗೆ ಸೀಮೆಎಣ್ಣೆ ಸ್ಟೌ, ಜನರೇಟರ್ ಯಾವುದೂ ಬೇಡ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಜಾಗದಲ್ಲಿ ಒಪ್ಪಿದ್ದೇನೆ. ಶಿಕಾರಿಪುರದ ಕಡೆಯ ಮಳೆ ಕಡಿಮೆಯ ದಿಣ್ಣೆ ಅದು. ಬಾವಿಯ ನೀರು ಆಗಸ್ಟಿನಲ್ಲೂ ಮೂವತ್ತಡಿ ಕೆಳಗೆ. ಸುತ್ತ ಗುಡ್ಡವಿಲ್ಲ, ಪೈಪ್ ಬಿಡಲು ಹಳ್ಳದ ಕಡೆ ತಗ್ಗಿದೆ. ಬೇಸಗೆಯಲ್ಲಿ ಆ ಕೋಣೆ ತಂಪಾಗಿರುತ್ತದೆಂದು ಮನೆಯವರು ಅಲ್ಲೇ ಮಧ್ಯಾಹ್ನ ಮಲಗುತ್ತಾರೆ. ಹಾಗೆ ದಿನಬಳಕೆಯಲ್ಲಿರುವುದೇ ಒಳ್ಳೆಯದು.

ದಿಬ್ಬಕ್ಕೆ ಅರ್ಧ ಹೂತ ಕೋಣೆ

ಜಂಬಿಟ್ಟಿಗೆ ನೆಲದ ಸಣ್ಣ ದಿಬ್ಬವಿದ್ದವರಿಗೆ ಇದು ನಡುದಾರಿ. ದಿಬ್ಬದ ಪಕ್ಕವನ್ನು ಕೊರೆದು ಕೋಣೆ ಕೂರಿಸುವುದು, ಬಾಗಿಲು ತಗ್ಗಿನ ಕಡೆಗೆ ನೆಲಮಟ್ಟದಲ್ಲೇ ಇರುವುದು. ಮೂರು ಕಡೆ ಮಣ್ಣು, ಒಂದು ಕಡೆ ಬಯಲು. ನೀರು ಬಂದರೂ ಬಾಗಿಲಿನಿಂದಲೇ ಆಚೆ ಹರಿಯುತ್ತದೆ, ತೇಲುವ ಭಯ ಬಹುಪಾಲು ತಪ್ಪುತ್ತದೆ, ಅಜ್ಜ ಅಜ್ಜಿ ಮೆಟ್ಟಿಲಿಳಿಯುವ ಕಷ್ಟವೂ ಇಲ್ಲ. ನೆಲದಡಿ ಬೇಕೇ ಬೇಕು ಎನ್ನುವವರನ್ನು ನಾನು ಮೊದಲು ಈ ಕಡೆಗೆ ತಿರುಗಿಸುತ್ತೇನೆ.

ಆದರೆ ಇಲ್ಲಿ ಒಂದು ಮೋಸವಿದೆ. ಮೇಲೆ ಕಬ್ಬಿಣದಂತೆ ಕಾಣುವ ಜಂಬಿಟ್ಟಿಗೆಯ ಪದರದ ಅಡಿಯಲ್ಲಿ ಹಲವು ಕಡೆ ಶೇಡಿ ಮಣ್ಣು ಇರುತ್ತದೆ, ಬಿಳಿ, ಹಳದಿ, ನಸುಗೆಂಪು ಬೆರೆತದ್ದು. ಒಣಗಿದಾಗ ಹಾರೆಗೂ ಬಗ್ಗದು, ನೀರು ಕುಡಿದರೆ ಬೆಣ್ಣೆಯಂತೆ ಜಾರುತ್ತದೆ. ಕೊರೆಯುವಾಗ ಶೇಡಿ ಕಂಡರೆ ಅಲ್ಲಿಗೆ ನಿಲ್ಲಿಸಿ, ಆ ಜಾಗ ಬೇಡ. ಕೊರೆದ ಧರೆ ಎಂಟಡಿಗಿಂತ ಎತ್ತರ ಆಗಬಾರದು. ಅದರ ಮೇಲೆ ಇನ್ನೂ ಗುಡ್ಡ ಏರುತ್ತಾ ಹೋಗಿದ್ದರೆ ಈ ಕೋಣೆಯ ಮಾತೇ ಬೇಡ, ದಿಬ್ಬದ ನೆತ್ತಿ ಕಣ್ಣಳತೆಯಲ್ಲಿ ಮುಗಿಯಬೇಕು. ಗೋಡೆಯ ಹಿಂದೆ ಒಂದಡಿ ಜಲ್ಲಿ, ಗೋಡೆಯಲ್ಲಿ ನೀರು ಬಸಿಯಲು ತೂತುಗಳು, ದಿಬ್ಬದ ನೆತ್ತಿಯಲ್ಲಿ ಮಳೆನೀರನ್ನು ಅಡ್ಡ ತಿರುಗಿಸುವ ಬಸಿಗಾಲುವೆ. ಸೊರಬ, ಸಾಗರದ ಕಡೆ ಕಲ್ಲು ಕಡಿದು ಬಿಟ್ಟ ಹಳೇ ಕ್ವಾರಿಯ ಗೋಡೆಗೆ ಆತು ಕೋಣೆ ಕಟ್ಟಿದರೆ ಅಗೆತದ ಖರ್ಚು ಉಳಿಯುತ್ತದಲ್ಲ ಎಂದು ಕೇಳಿದವರಿದ್ದಾರೆ. ಕ್ವಾರಿಯ ತಳ ಮಳೆಗಾಲದಲ್ಲಿ ಕೆರೆ ಆಗುವುದನ್ನು ಒಮ್ಮೆ ನಿಂತು ನೋಡಿ ಎಂದು ಹೇಳಿ ಕಳಿಸಿದ್ದೇನೆ.

ಮನೆಯೊಳಗಿನ ಗಟ್ಟಿ ಕೋಣೆ

ನನ್ನನ್ನು ಕೇಳಿದರೆ ಗುಡ್ಡದಿಂದ ದೂರ, ಹೊಳೆಯಿಂದ ಎತ್ತರ ಇರುವ ಮಲೆನಾಡಿನ ಹೆಚ್ಚಿನ ಮನೆಗಳಿಗೆ ಇದೇ ಸರಿ. ಹೊಸ ಮನೆಯಾದರೆ ನಡುಮನೆಯ ಹಿಂದಿನ ದೇವರ ಕೋಣೆಯನ್ನೋ ಉಗ್ರಾಣವನ್ನೋ ಬಚ್ಚಲನ್ನೋ ಮಾತ್ರ ಪೂರ್ತಿ ಕಾಂಕ್ರೀಟಿನಲ್ಲಿ ಕಟ್ಟಿ, ಉಳಿದದ್ದನ್ನು ನಿಮ್ಮ ಇಷ್ಟದಂತೆ ಹಂಚಿನ ಮಾಡಿಗೆ ಬಿಡುವುದು. ಹಂಚು ಹಾರಲಿ, ಪಕಾಸಿ ಮುರಿಯಲಿ, ಆ ಒಂದು ಕೋಣೆ ನಿಲ್ಲಬೇಕು.

ಭರಣಿ, ಕೃತ್ತಿಕೆ ಮಳೆಯ ಹೊತ್ತಿನ ಸಂಜೆಗಳನ್ನು ನೆನೆಯಿರಿ. ಸೆಕೆ, ಕರಿಮೋಡ, ಧೂಳು, ಆಲಿಕಲ್ಲು, ಅರ್ಧ ಗಂಟೆಯಲ್ಲಿ ತೋಟದ ಅಡಿಕೆ ಮರಗಳು ಸಾಲಾಗಿ ನೆಲಕ್ಕೆ. ಈ ಅಪಾಯದಲ್ಲಿ ನಿಮಗೆ ಬೇಕಾದದ್ದು ಹತ್ತು ಹೆಜ್ಜೆಯಲ್ಲಿ ಸಿಗುವ ಆಸರೆ. ಅಂಗಳ ದಾಟಿ, ಮರಗಳ ಅಡಿ ಓಡಿ, ಹೊರಗಿನ ನೆಲಮಾಳಿಗೆಗೆ ಇಳಿಯುವ ಆ ಎರಡು ನಿಮಿಷವೇ ಸಿಡಿಲಿನ ದಿನ ಎಲ್ಲಕ್ಕಿಂತ ಅಪಾಯದ ಹೊತ್ತು.

ಅಳತೆ ಎಷ್ಟಿರಬೇಕು? ಅಮೆರಿಕದ ಲೆಕ್ಕದಲ್ಲಿ ಮನೆಯ ಕೋಣೆಗೆ ಸುಂಟರಗಾಳಿಗಾದರೆ ಒಬ್ಬರಿಗೆ 3 ಚದರ ಅಡಿ, ಹೆಚ್ಚು ಹೊತ್ತು ಬೀಸುವ ಚಂಡಮಾರುತಕ್ಕಾದರೆ 7 ಚದರ ಅಡಿ. ನಮ್ಮಲ್ಲಿ ಮಳೆ ರಾತ್ರಿಯಿಡೀ ಹೊಡೆಯುತ್ತದೆ, ಮನೆಯಲ್ಲಿ ಮಲಗಲೇಬೇಕಾದ ಹಿರಿಯರಿರುತ್ತಾರೆ. ಒಬ್ಬರಿಗೆ ಹತ್ತು-ಹನ್ನೆರಡು ಚದರ ಅಡಿ ಇಟ್ಟುಕೊಳ್ಳಿ. ಎಂಟಡಿಗೆ ಏಳಡಿಯ ಕೋಣೆ ಐದು ಜನಕ್ಕೆ ಸಾಕು. ಎಂಟು ಇಂಚಿನ ಗೋಡೆ, ಆರು ಇಂಚಿನ ತಾರಸಿ ಎಂದರೆ ಸುಮಾರು ಆರು ಘನ ಮೀಟರ್ ಕಾಂಕ್ರೀಟ್, ಐವತ್ತರ ಒಳಗೆ ಸಿಮೆಂಟ್ ಮೂಟೆ. ನೆಲದಡಿಯ ಪೆಟ್ಟಿಗೆಗೆ ಬೇಕಾದ ಕಾಂಕ್ರೀಟ್ ಇದಕ್ಕಿಂತ ಬಹಳ ಹೆಚ್ಚೇನಲ್ಲ. ಅಲ್ಲಿ ಕೈ ಕಚ್ಚುವುದು ಅಗೆತ, ನೀರು ತಡೆಯುವ ಲೇಪನ, ಬಸಿಗಾಲುವೆ, ಹೊರಗಿನ ಮೆಟ್ಟಿಲು. ಇಲ್ಲಿ ಅವಾವುವೂ ಇಲ್ಲ. ಕೈ ಇನ್ನೂ ಬಿಗಿಯಿದ್ದರೆ ಟೊಳ್ಳು ಕಾಂಕ್ರೀಟ್ ಬ್ಲಾಕಿನ ಗೋಡೆ ಕಟ್ಟಿ, ತೂತುಗಳಲ್ಲಿ ಕಂಬಿ ಇಳಿಸಿ ಕಾಂಕ್ರೀಟ್ ತುಂಬಿಸಬಹುದು. ಪಾಯದ ಕಂಬಿಯಿಂದ ತಾರಸಿಯ ಕಂಬಿಯವರೆಗೆ ಎಲ್ಲೂ ತುಂಡಾಗದೆ ಒಂದೇ ಪಂಜರದಂತೆ ಇರಬೇಕು ಎಂಬುದನ್ನು ಮಾತ್ರ ಬಿಟ್ಟುಕೊಡಬೇಡಿ. ಕಂಬಿಯ ದಪ್ಪ, ಅಂತರವನ್ನು ಇಂಜಿನಿಯರ್ ಹತ್ತಿರವೇ ಬರೆಸಿಕೊಳ್ಳಿ. ಯಾವ ಮರ ಮೇಲೆ ಬೀಳಬಹುದು ಎಂಬುದನ್ನು ಅವರಿಗೆ ತೋರಿಸಿ, ಸಿಲ್ವರ್ ಓಕಿನ ಭಾರ ಬೇರೆ, ಅಂಗಳದ ದೊಡ್ಡ ಹಲಸಿನದು ಬೇರೆ.

ಹಳೇ ಮನೆಯಲ್ಲಿ ಇದನ್ನು ಮಾಡುವಾಗ ಜಂಬಿಟ್ಟಿಗೆ ಅಥವಾ ಮಣ್ಣಿನ ಗೋಡೆಗೆ ಹೊಸ ಕೋಣೆಯನ್ನು ಅಂಟಿಸಬೇಡಿ. ಬೇರೆ ಪಾಯ ಹಾಕಿ, ನಡುವೆ ಎರಡಿಂಚು ಸಂದು ಬಿಟ್ಟು ಥರ್ಮೋಕೋಲ್ ತುಂಬಿ. ಮಳೆ ಕುಡಿದ ಹಳೇ ಗೋಡೆ ಒಂದು ದಿನ ಕುಸಿದರೆ ಹೊಸದನ್ನು ಎಳೆದುಕೊಂಡು ಹೋಗಬಾರದು. ಬಾಗಿಲು ಉಕ್ಕಿನದು ಅಥವಾ ಗಟ್ಟಿ ಮರದ್ದು, ಮೂರು ತಿರುಗಣೆ, ಮೂರು ಕಡೆ ಚಿಲಕ, ಒಳಕ್ಕೆ ತೆರೆಯುವಂಥದ್ದು. ಹೊರಗೆ ತೊಲೆ ಬಿದ್ದರೂ ನೀವು ಬಾಗಿಲು ಎಳೆದು ತೆರೆಯಬಹುದು. ಎತ್ತರದಲ್ಲಿ ಸರಳು ಹಾಕಿದ ಸಣ್ಣ ಗಾಳಿಕಿಂಡಿ ಎರಡು ಇರಲಿ.

ಸಿಡಿಲಿಗೆ ಈ ಕೋಣೆ ಹಂಚಿನ ಜಗುಲಿಗಿಂತ ಎಷ್ಟೋ ಮೇಲು. ಕಂಬಿಯ ಪಂಜರಕ್ಕೆ ಸರಿಯಾದ ಅರ್ತಿಂಗ್ ಕೊಡಿಸಿ. ಆದರೂ ಗುಡುಗುವಾಗ ಗೋಡೆಗೆ ಒರಗಬೇಡಿ, ನಲ್ಲಿ, ಸ್ವಿಚ್ಚು ಮುಟ್ಟಬೇಡಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಅಂಗಳಕ್ಕೆ ಇಳಿಯಬೇಡಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು' ಆ್ಯಪ್, ಕೇಂದ್ರ ಸರ್ಕಾರದ 'ದಾಮಿನಿ' ಆ್ಯಪ್ ಎರಡೂ ಇದಕ್ಕೆಂದೇ ಇವೆ. ತೋಟದಲ್ಲಿ ಕೆಲಸ ಮಾಡುವವರ ಮೊಬೈಲಿನಲ್ಲೂ ಹಾಕಿಸಿಕೊಡಿ.

ಈ ಕೋಣೆಗೂ ಮುಂಚೆ ಮಾಡಬೇಕಾದ ಕೆಲಸವೊಂದಿದೆ. ಮನೆಯ ಕಡೆಗೆ ವಾಲಿದ ಅಕೇಶಿಯಾ, ಸಿಲ್ವರ್ ಓಕ್ ಮರಗಳನ್ನು, ಮರದ ಎತ್ತರದಷ್ಟು ದೂರದೊಳಗೆ ಇರುವಂಥವನ್ನು, ಏಪ್ರಿಲಿಗೆ ಮೊದಲು ಸವರಿಸಿ ಅಥವಾ ತೆಗೆಸಿ. ಅನುಮತಿ ಬೇಕಾದ ಜಾತಿಗೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ.

ಯಾವ ಕೋಣೆಯೂ ಉಳಿಸದ ಜಾಗ

ಹೊಳೆದಂಡೆಯವರಿಗೆ ಹೇಳುವುದು ಸ್ವಲ್ಪವೇ. ಗಾಜನೂರಿನ ಅಣೆಕಟ್ಟೆಯಲ್ಲಿ ಗೇಟು ತೆರೆದರೆ ತುಂಗೆ ಎಲ್ಲಿಯವರೆಗೆ ಬರುತ್ತಾಳೆ ಎಂದು 2019ರಲ್ಲಿ ನೋಡಿದ್ದೀರಿ. ಆ ಗುರುತಿನ ಕೆಳಗೆ ಯಾವ ಕೋಣೆಯನ್ನೂ ಆಸರೆ ಎಂದು ಕಟ್ಟಬೇಡಿ. ಊರಿನ ಶಾಲೆ, ಸಮುದಾಯ ಭವನ ಎತ್ತರದಲ್ಲಿದ್ದರೆ ಅಲ್ಲಿಗೆ ಹೋಗುವ ದಾರಿಯಲ್ಲಿ ಹಳ್ಳ, ಕಾಲುಸಂಕ ಸಿಗುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಸಂಕ ದಾಟಿ ತಲುಪಬೇಕಾದ ಶಾಲೆ ಮಳೆಯ ದಿನ ನಿಮ್ಮದಲ್ಲ, ಆಚೆ ದಡದ ನೆಂಟರ ಮನೆಯೂ ಹಾಗೆಯೇ.

ಗುಡ್ಡದ ಬುಡದವರಿಗೆ ಮಾತ್ರ ನಾನು ಕೈ ಮುಗಿದು ಹೇಳುತ್ತೇನೆ. ನಿಮಗೆ ನೆಲದಡಿಯ ಕೋಣೆಯೂ ಬೇಡ, ಗಟ್ಟಿ ಕೋಣೆಯೂ ಬೇಡ. ಜಾರಿ ಬರುವ ಗುಡ್ಡ ನೆಲದಡಿಯ ಕೋಣೆಯನ್ನು ಮುರಿಯಬೇಕಾಗಿಯೇ ಇಲ್ಲ, ಬಾಗಿಲನ್ನೂ ಗಾಳಿಯ ಪೈಪನ್ನೂ ಮುಚ್ಚಿದರೆ ಸಾಕು. ಜಪಾನಿನಲ್ಲಿ ಮಣ್ಣು ಕುಸಿತದ ಅಪಾಯವಲಯ ಗುರುತಿಸಲು ಒಂದು ಕಾನೂನಿದೆ. 30 ಡಿಗ್ರಿಗಿಂತ ಕಡಿದಾದ, 5 ಮೀಟರಿಗಿಂತ ಎತ್ತರದ ಇಳಿಜಾರಿನ ಬುಡದಿಂದ ಅದರ ಎತ್ತರದ ಎರಡು ಪಟ್ಟು ದೂರ, 50 ಮೀಟರ್ ಮಿತಿಯೊಳಗೆ, ಎಚ್ಚರಿಕೆಯ ವಲಯ. ಇಳಿಜಾರಿನ ನೆತ್ತಿಯಿಂದ ಹಿಂದಕ್ಕೆ 10 ಮೀಟರ್ ಕೂಡ. ನಮ್ಮ ಮಲೆನಾಡಿನಲ್ಲಿ ಜೆಸಿಬಿ ತಂದು ಧರೆ ಕಡಿದು ಮಟ್ಟ ಮಾಡಿದ ಎಷ್ಟು ಮನೆಗಳು ಈ ಅಳತೆಯೊಳಗೆ ಬರುತ್ತವೆ, ನೀವೇ ಟೇಪು ಹಿಡಿದು ನೋಡಿ. ಬಂಡೆ, ಮಣ್ಣು, ನೀರು ಒಟ್ಟಾಗಿ ಕಣಿವೆಗುಂಟ ಧುಮುಕುವ ಕುಸಿತಕ್ಕೆ ಈ ಅಳತೆಯೂ ಸಾಲದು. ವಯನಾಡಿನಲ್ಲಿ ಅದು ಕಿಲೋಮೀಟರುಗಟ್ಟಲೆ ಹರಿಯಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಭೂಕುಸಿತ ಸಾಧ್ಯತೆಯ ನಕ್ಷೆ ಮಾಡಿದೆ. ಮನೆಗೆ ಜಾಗ ಕೊಳ್ಳುವ ಮೊದಲು ಅದರಲ್ಲಿ ನಿಮ್ಮ ಗುಡ್ಡದ ಬಣ್ಣ ಯಾವುದೆಂದು ನೋಡಿ.

ಗುಡ್ಡದ ನೆತ್ತಿಯಲ್ಲಿ ಹೊಸ ಬಿರುಕು, ನೆಟ್ಟಗಿದ್ದ ಮರ ವಾಲುವುದು, ಎಂದೂ ಇಲ್ಲದ ಕಡೆ ಒರತೆ ಒಡೆಯುವುದು, ತಿಳಿಯಾಗಿದ್ದ ಬಾವಿ ರಾತ್ರೋರಾತ್ರಿ ಕೆಂಪಾಗುವುದು, ಬಾಗಿಲು ಕಿಟಕಿ ಇದ್ದಕ್ಕಿದ್ದಂತೆ ಬಿಗಿಯಾಗುವುದು, ಜೋರು ಮಳೆಯಲ್ಲೂ ಹಳ್ಳದ ನೀರು ಒಮ್ಮೆಗೇ ತಗ್ಗುವುದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ಜಿಲ್ಲಾ ತುರ್ತು ಕೇಂದ್ರದ ಸಂಖ್ಯೆ 1077.

ಜನ ಮನೆ ಬಿಡದಿರುವುದು ಹಟದಿಂದಲ್ಲ ಎಂದು ನನಗೆ ಗೊತ್ತು. ಕೊಟ್ಟಿಗೆಯಲ್ಲಿ ಹಸುಗಳಿವೆ, ಅಟ್ಟದಲ್ಲಿ ವರ್ಷದ ಅಡಿಕೆ ಇದೆ. ಹಾಗಾಗಿ ಗಟ್ಟಿ ಕೋಣೆಗೆ ಹಾಕಬೇಕೆಂದಿದ್ದ ದುಡ್ಡನ್ನು ಇಂಥವರು ಬೇರೆ ಕಡೆ ಹಾಕಲಿ ಎನ್ನುತ್ತೇನೆ. ಸುರಕ್ಷಿತ ದಿಣ್ಣೆಯಲ್ಲಿ ಜಾಗವಿರುವ ನೆಂಟರ ಜೊತೆ ಮಾತಾಡಿ, ಅಲ್ಲೊಂದು ತಗಡಿನ ಕೊಟ್ಟಿಗೆ ಎಬ್ಬಿಸಿ, ರೆಡ್ ಅಲರ್ಟ್ ಬಂದ ದಿನ ಹಗಲಲ್ಲೇ ಹಸುಗಳನ್ನು ಹೊಡೆದುಕೊಂಡು ಹೋಗುವುದು. ಹಸು ಹೋದ ಕಡೆ ಮನೆಯ ಹಿರಿಯರೂ ಬರುತ್ತಾರೆ. ಹೊರಡಲು ಹೊತ್ತೇ ಇಲ್ಲದಿದ್ದರೆ ಹಸುವಿನ ಕಣ್ಣಿ ಬಿಚ್ಚಿಬಿಡಿ.

ಕಟ್ಟುವ ಹೊತ್ತು

ಕಟ್ಟುವುದೆಂದು ತೀರ್ಮಾನಿಸಿದವರು ಕಾಂಕ್ರೀಟ್ ಕೆಲಸವನ್ನು ಡಿಸೆಂಬರಿನಿಂದ ಮಾರ್ಚಿನೊಳಗೆ ಮುಗಿಸಿ. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಆಳು ಸಿಗುವುದು ಕಷ್ಟ ನಿಜ, ಆದರೆ ಮೇ ತಿಂಗಳಲ್ಲಿ ಹಾಕಿದ ತಾರಸಿಗೆ ಸೆಂಟ್ರಿಂಗ್ ಬಿಚ್ಚುವ ಮೊದಲೇ ಮಳೆ ಬಂದಿರುತ್ತದೆ. ಎರಡು ವಾರ ಬಿಡದೆ ನೀರು ಹಾಕಿ ಕ್ಯೂರಿಂಗ್ ಮಾಡಿಸಿ. ನೆಲದಡಿ ಅಥವಾ ದಿಬ್ಬದ ಕೋಣೆ ಯೋಚಿಸುತ್ತಿರುವವರಿಗೆ ಈ ವರ್ಷ ಕಟ್ಟುವ ಕೆಲಸವೇ ಇಲ್ಲ. ಗುಂಡಿಯೊಂದನ್ನು ತೆಗೆಸಿ ಬೇಲಿ ಹಾಕಿ, ಬಾವಿಗೆ ಹಗ್ಗ ಬಿಟ್ಟು ಅಳೆಯುತ್ತಿರಿ. ದೀಪಾವಳಿ ಕಳೆದ ಮೇಲೆ ಆ ಅಂಕಿಗಳನ್ನು ಹಿಡಿದುಕೊಂಡು ಇಂಜಿನಿಯರ್ ಹತ್ತಿರ ಹೋಗಿ.